ಕುಡಿಯದವರ ರಕ್ತದಲ್ಲಿ ಮದ್ಯ ಕಂಡವರಿಗೆ

ರಕ್ತ ನೋಡಿ ಮನುಷ್ಯನ ಯೋಗ್ಯತೆ ಹೇಳುವ ಪ್ರಯೋಗಾಲಯದ ಮುಖ್ಯಾಧಿಕಾರಿಗಳೇ,

ಜನ್ಮದಲ್ಲಿ ಒಂದು ಹನಿ ಮದ್ಯ ಮುಟ್ಟದ ನನ್ನ ಯಜಮಾನರನ್ನು ತಾವು ಕುಡುಕರೆಂದು ಪ್ರಮಾಣೀಕರಿಸಿದ್ದೀರಿ. ಮೊಹರು ಮಾತ್ರ ಬಹಳ ಸ್ಪಷ್ಟವಾಗಿ ಬಿದ್ದಿದೆ. ಅಷ್ಟರ ಮಟ್ಟಿಗೆ ತಮ್ಮ ಕೆಲಸ ಅಚ್ಚುಕಟ್ಟು.

ಅವರು ಶಾಲಾ ವಾಹನದ ಚಾಲಕರು, ಸಕ್ಕರೆ ಕಾಯಿಲೆಯವರು. ಒಂದು ಬೆಳಿಗ್ಗೆ ಮಕ್ಕಳನ್ನು ಇಳಿಸಿ ಹೊರಟಾಗ ತಲೆಸುತ್ತಿ, ಖಾಲಿ ವಾಹನವನ್ನು ಶಾಲೆಯ ಗೋಡೆಗೆ ಗುದ್ದಿದರು. ಆ ಕಾಯಿಲೆ ವಿಪರೀತಕ್ಕೆ ಹೋದಾಗ ರಕ್ತದಲ್ಲಿ ಅಸಿಟೋನ್ ಎಂಬ ರಾಸಾಯನಿಕ ಸೇರಿಕೊಳ್ಳುತ್ತದೆ, ಉಸಿರು ಕೊಳೆತ ಹಣ್ಣಿನಂತೆ ನಾರುತ್ತದೆ. ಪೊಲೀಸರಿಗೆ ಆ ವಾಸನೆಯೇ ಸಾಕಾಯಿತು. ಇವರು ನೀರು, ನೀರು ಎಂದು ಬಡಬಡಿಸುತ್ತಿದ್ದರೆ ಪೇದೆಯೊಬ್ಬ ನಕ್ಕನಂತೆ: "ಬೆಳಿಗ್ಗೆನೇ ಏರಿಸ್ಕೊಂಡು ಬಂದು ಈಗ ನೀರು ಬೇಕಾ?" ಆಸ್ಪತ್ರೆಯವರು ಕಾಯಿಲೆ ಗುರುತಿಸಿ ಜೀವ ಉಳಿಸಿದರು. ಪೊಲೀಸರು ತೆಗೆಸಿದ ರಕ್ತ ತಮ್ಮಲ್ಲಿಗೆ ಬಂತು.

ಪೇದೆಯನ್ನು ಬಿಡಿ, ಅವನ ಬಳಿ ಇದ್ದದ್ದು ಬರೀ ಮೂಗು. ತಮ್ಮ ಬಳಿ ವಿಜ್ಞಾನವಿತ್ತಲ್ಲವೇ? ತಾವು ರಕ್ತದ ಆವಿಯನ್ನು ಕಿತ್ತಳೆ ಬಣ್ಣದ ದ್ರಾವಣಕ್ಕೆ ಹಾಯಿಸಿದಿರಿ, ಅದು ಹಸಿರಿಗೆ ತಿರುಗಿತು. ಮದ್ಯವಿದ್ದರೆ ತಿರುಗುತ್ತದೆ, ಒಪ್ಪಿದೆ. ಅಸಿಟೋನ್ ಇದ್ದರೂ ಲೆಕ್ಕ ತಪ್ಪಬಹುದೆಂಬುದು ತಮಗೆ ತಿಳಿಯದೇ? ಎರಡನ್ನೂ ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮಾಟೋಗ್ರಾಫ್ ಯಂತ್ರ ತಮ್ಮಲ್ಲೇ ಇದೆ. ವಿಚಾರಿಸಲು ಬಂದಾಗ ಕಣ್ಣಾರೆ ಕಂಡೆ. ಹೂವಿನ ಚಿತ್ರದ ಹೊದಿಕೆ ಹೊದ್ದು ಮಲಗಿತ್ತು. "ಇದರ ಗ್ಯಾಸ್ ಸಿಲಿಂಡರ್ ಖಾಲಿ ಆಗಿದೆ ಅಮ್ಮಾ, ಹೊಸದು ಬಂದ್ಮೇಲೆ ನೋಡೋಣ" ಎಂದರು ತಮ್ಮ ಸಹಾಯಕರು. ಯಂತ್ರಕ್ಕೆ ವಿಶ್ರಾಂತಿ, ಮನುಷ್ಯನಿಗೆ ಶಿಕ್ಷೆ. ತಮ್ಮ ಕರುಣೆ ಯಾರ ಪಾಲಿಗಿದೆ ಎಂಬುದು ಅರ್ಥವಾಯಿತು.

ಶಾಲೆ ಕೆಲಸದಿಂದ ಕಿತ್ತುಹಾಕಿತು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಆಗಷ್ಟೇ ಹೆರಿಗೆಯಾಗಿ ನಮ್ಮ ಮನೆಯಲ್ಲಿದ್ದ ಮಗಳೂ ತಮ್ಮ ಕಾಗದವನ್ನು ಓದಿದಳು.

"ಅಪ್ಪಾ, ಮೊದ್ಲು ಊದು. ಆಮೇಲೆ ಮಗು ಕೊಡ್ತೀನಿ."

"ನಾನು ಕುಡಿಯಲ್ಲ ಕಣಮ್ಮಾ."

"ಎಲ್ಲರೂ ಹಾಗೇ ಹೇಳೋದು. ರಿಪೋರ್ಟ್ ಸುಳ್ಳು ಹೇಳುತ್ತಾ?"

ನರೆತ ಗಡ್ಡದ ಮನುಷ್ಯ ಬಾಯಿ ತೆರೆದು ಮಗಳ ಮುಖಕ್ಕೆ ಊದಿದರು. ದಿನವೂ ಊದಿದರು. ಏನೂ ವಾಸನೆಯಿಲ್ಲದಾಗಲೂ, ಯಾವುದಕ್ಕೂ ಇರಲಿ ಎಂದು ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದದ್ದುಂಟು.

ವಕೀಲರು ಕೋರ್ಟಿಗೆ ಅಲೆದು, ಅಂದೇ ತೆಗೆದು ಸೀಲು ಹಾಕಿಟ್ಟಿದ್ದ ರಕ್ತದ ಎರಡನೆಯ ಬಾಟಲಿಯನ್ನು ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಯಂತ್ರ ಎಚ್ಚರವಾಗಿತ್ತು. ಅಸಿಟೋನ್ ಇದೆ, ಮದ್ಯ ಇಲ್ಲವೇ ಇಲ್ಲ ಎಂದಿತು. ಅದಕ್ಕೆ ತಮ್ಮ ಕಚೇರಿಯ ಉತ್ತರ: "ಆಗ ಲಭ್ಯವಿದ್ದ ವಿಧಾನದ ಪ್ರಕಾರ ನಮ್ಮ ವರದಿ ಸರಿಯಾಗಿಯೇ ಇದೆ." ಅಂದರೆ, ತಪ್ಪಾದದ್ದು ನಮ್ಮ ಯಜಮಾನರ ರಕ್ತವೇ?

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಮಗುವನ್ನು ತಂದು ಅಪ್ಪನ ತೊಡೆಯ ಮೇಲಿಡಲು ಹೋದಳು. ಅವರು ಕೈ ಹಿಂದಕ್ಕೆಳೆದುಕೊಂಡು ಹೇಳಿದರು: "ಬೇಡಮ್ಮಾ. ನಾಳೆ ಇನ್ನೊಂದು ರಿಪೋರ್ಟ್ ಬಂದ್ರೆ?"

ಇವತ್ತಿಗೂ ಅವರು ಆ ಮಗುವನ್ನು ಮುಟ್ಟಿಲ್ಲ.

ನನ್ನ ಬೇಡಿಕೆ ಇಷ್ಟು. ಆ ಯಂತ್ರ ಏಳುವವರೆಗೆ ಬರೀ ಬಣ್ಣ ನೋಡಿ ಇನ್ನೊಬ್ಬರ ಮೇಲೆ ಮೊಹರು ಒತ್ತಬೇಡಿ. ಮೊದಲ ವರದಿಯನ್ನು ರದ್ದುಪಡಿಸಿ, "ಇವರು ಕುಡಿದಿರಲಿಲ್ಲ" ಎಂದು ಬರೆಯಿರಿ. ಅದನ್ನು ಅಂಚೆಗೆ ಹಾಕಬೇಡಿ. ತಾವೇ ಮನೆಗೆ ಬಂದು, ಅವರೆದುರು ನಿಂತು, ಗಟ್ಟಿಯಾಗಿ ಓದಿ. ಕುರ್ಚಿ ಹಾಕುತ್ತೇನೆ, ಕುಡಿಯಲು ನೀರು ಕೊಡುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನಿಂದಾಗದು.

ಇಂತಿ,
ತಮ್ಮ ಕಡತದ ಕುಡುಕರೊಬ್ಬರ ಹೆಂಡತಿ