ಸೊನ್ನೆಯಲ್ಲಿ ನಿಂತ ಮುಳ್ಳು

ಏಕಸಂಬಿ, ಬುಧವಾರ, ೧೩ ನವೆಂಬರ್ ೨೦೧೩

ಒಂದು ಸೊನ್ನೆ ಬೆಳಗಿನಿಂದ ಬೆನ್ನು ಬಿಟ್ಟಿಲ್ಲ.

ತನ್ನ ಪ್ರೋಗ್ರಾಂ ನಿಧಾನವಾಗಲು ಮೆಮೊರಿಯೇ ಕಾರಣವೆಂದು ನನ್ನ ಎಂ.ಟೆಕ್. ವಿದ್ಯಾರ್ಥಿನಿ ಫರಹೀನ ಮೂರು ವಾರಗಳ ಹಿಂದೆಯೇ ಹೇಳಿದ್ದಳು. ಪ್ರೊಸೆಸರ್ ತನಗೆ ಬೇಕಾದ ಅಂಕಿಯನ್ನು ಪಕ್ಕದ ಪುಟ್ಟ ಸಂಗ್ರಹವಾದ ಕ್ಯಾಶ್‌ನಲ್ಲಿ ಕಾಣದೆ ದೂರದ ಮೆಮೊರಿಗೆ ಎಷ್ಟು ಸಲ ಹೋಯಿತೆಂಬುದನ್ನು ಅದರೊಳಗಿನ ಕೌಂಟರ್ ಎಣಿಸುತ್ತದೆ. ನಾನು ಅಳೆದಾಗ ಸೊನ್ನೆ ಬಂದಿತ್ತು, ಅಂದರೆ ಮೆಮೊರಿ ಕಾರಣವಲ್ಲ ಎಂದುಕೊಂಡೆ. "ನಿನ್ನ ಲಾಜಿಕ್ಕಿನಾಗ ತಪ್ಪೈತಿ" ಎಂದು ಸಹೋದ್ಯೋಗಿಗಳೆಲ್ಲರ ಎದುರು ಹೇಳಿಬಿಟ್ಟೆ. ಸರಿಯಾಗಿಯೇ ಇದ್ದುದನ್ನು ಅವಳು ಮೂರು ವಾರ ತಿದ್ದಿದಳು.

ಇಂದು ತಿಳಿಯಿತು. ನಾನು ಅಳೆದದ್ದು ವರ್ಚುವಲ್ ಯಂತ್ರದಲ್ಲಿ, ಅಂದರೆ ಸಾಫ್ಟ್‌ವೇರ್ ಕಟ್ಟಿದ ತೋರಿಕೆಯ ಕಂಪ್ಯೂಟರಿನಲ್ಲಿ. ನಮ್ಮಲ್ಲಿಯ ಆ ಯಂತ್ರದಲ್ಲಿ ಕೌಂಟರ್ ಎಣಿಸುವುದೇ ಇಲ್ಲ, ಸದಾ ಸೊನ್ನೆಯನ್ನೇ ತೋರಿಸುತ್ತದೆ. ನಿಜವಾದ ಯಂತ್ರದಲ್ಲಿ ನೋಡಿದರೆ ನೂರಕ್ಕೆ ನಲವತ್ತೊಂದು ಸಲ ಅಂಕಿ ಕ್ಯಾಶ್‌ನಲ್ಲಿ ಸಿಗುತ್ತಿಲ್ಲ.

ಫರಹೀನಳನ್ನು ಕರೆದು ಹೇಳಿದೆ. ಸಿಟ್ಟಾಗಲಿಲ್ಲ. "ಸರ್, ನಿಮ್ಮ ಸ್ಕೂಟರಿನ ಸ್ಪೀಡ್ ಮೀಟರಿನ ಮುಳ್ಳು ಎರಡು ವರ್ಷದಿಂದ ಸೊನ್ನ್ಯಾಗ ನಿಂತೈತ್ರಿ. ಆದ್ರೂ ದಿನಾ ಏಕಸಂಬಿಯಿಂದ ಚಿಕ್ಕೋಡಿಗೆ ಬರ್ತೀರಲ್ರಿ" ಎಂದು ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, "ನಾನ ದಡ್ಡಿ ಅನ್ಕೊಂಡಿದ್ದೆರಿ" ಎಂದಳು.

ನಕ್ಕದ್ದನ್ನು ಸಹಿಸಬಹುದಿತ್ತು.

ಮರಳುವಾಗ ದಾರಿಯುದ್ದಕ್ಕೂ ಆ ಮುಳ್ಳು ಕಣ್ಣೆದುರಿಗಿತ್ತು. ಎಣಿಸದೇ ಇದ್ದುದನ್ನು ಇಲ್ಲವೆಂದು ಬರೆದುಕೊಂಡವನು ನಾನು. ನಾಳೆ ಅದೇ ಸಹೋದ್ಯೋಗಿಗಳ ಎದುರು, ಅವಳೂ ಇರುವಾಗಲೇ, ಇದನ್ನು ಹೇಳಬೇಕು. ಮೊದಲ ವಾಕ್ಯವನ್ನು ನಾಲ್ಕು ಬಾರಿ ಬರೆದು ಹೊಡೆದುಹಾಕಿದ್ದೇನೆ. ನಾಲ್ಕರಲ್ಲೂ ಯಂತ್ರದ ಹೆಸರು ಮೊದಲು ಬರುತ್ತದೆ, ನನ್ನದು ಕೊನೆಗೆ. "ಫರಹೀನ ಹೇಳಿದ್ದೇ ಸರಿಯಿತ್ತು, ನಾನು" ಎಂದು ಆರಂಭಿಸಿದರೆ ಯಂತ್ರದ ಹೆಸರೇ ಬೇಕಾಗುವುದಿಲ್ಲ.