ಹನ್ನೆರಡನೆಯ ಬಾವಿ

ಇಲಿಂಕಾ,

ಈ ಕಾಗದ ಒಡೆದವರು ನೀನಲ್ಲದೆ ನಿನ್ನ ಆಫೀಸಿನ ಬೇರೆ ಯಾರಾದರೂ ಆಗಿದ್ದರೆ ಅವರಿಗೊಂದು ಮಾತು: ಅಜ್ಜಿ ಮೊಮ್ಮಗಳಿಗೆ ಬರೆದದ್ದನ್ನು ಓದುತ್ತೀರಲ್ಲ, ನಾಚಿಕೆಗೆಟ್ಟವರಾ, ಮಡಚಿ ಅವಳ ಕೈಗೆ ಕೊಡಿ! ಓದುತ್ತಿರುವವಳು ನೀನೇ ಆದರೆ ನಿನಗೂ ಇದೆ. ಭೂಮಿಯ ಹೊಟ್ಟೆಯೊಳಗಿನ ವಿದ್ಯೆ ಕಲಿತೆ, ನಮ್ಮ ಗುಡ್ಡದ ನಕ್ಷೆ ಬರೆದೆ, ಹಳೆಯವರು ಕೈಯಿಂದ ತೋಡಿದ ಕಲ್ಲೆಣ್ಣೆಯ ಬಾವಿ ಹನ್ನೊಂದು ಎಂದು ಗುರುತು ಹಾಕಿದೆ. ಹನ್ನೆರಡು, ಪೆದ್ದಿ! ಊರ ಕಚೇರಿಯ ಕಡತ ಕೇಳಿದೆ, ಅಜ್ಜಿಯನ್ನು ಕೇಳಲಿಲ್ಲ.

ಹನ್ನೆರಡನೆಯದು ನಮ್ಮ ಪ್ಲಮ್ ಮರಗಳ ಕೆಳಗಿದೆ. ತೋಡಿದವನು ನನ್ನಪ್ಪ ಒನೊಫ್ರೇಯಿ. ದೀಪ ಇಳಿಸಿದರೆ ಬಾವಿಯ ಗ್ಯಾಸು ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ಒಂಬತ್ತು ವರ್ಷದ ನಾನು ಬಾವಿಯ ಬಾಯಲ್ಲಿ ಕನ್ನಡಿ ಹಿಡಿದು ಅಪ್ಪನಿಗೆ ಬಿಸಿಲು ಇಳಿಸುತ್ತಿದ್ದೆ. ಸೂರ್ಯ ಸರಿದಂತೆ ನಾನೂ ಸರಿಯುತ್ತಿದ್ದೆ. ಅಮ್ಮ ತಿದಿ ಒತ್ತಿ ಕೊಳವೆಯಲ್ಲಿ ಗಾಳಿ ಕಳಿಸುತ್ತಿದ್ದಳು. ಮೋಡ ಬಂದರೆ ಅಪ್ಪ ಕೆಳಗಿನಿಂದ ಕೂಗುತ್ತಿದ್ದ: "ಏ ಸ್ಮರಾಂಡಾ, ಸೂರ್ಯನ್ನ ಎಲ್ಲಿಗೆ ಕಳಿಸ್ದೆ, ಸಾರಾಯಿ ಅಂಗಡಿಗಾ?"

"ಹೂಂ ಕಣಪ್ಪಾ, ನಿನ್ ಹಾಗೇ ಲೇಟಾಗಿ ಬರ್ತಾನೆ!"

ಒಂದು ದಿನ, ಆಳ ನಲವತ್ತು ಮಾರು ದಾಟಿದಾಗ, "ಕನ್ನಡಿ ಆಚೆ ತಿರುಗ್ಸು" ಎಂದ. ತಿರುಗಿಸಿದೆ. "ತಿದೀನೂ ನಿಲ್ಸೇ, ಸ್ವಲ್ಪ ಸುಮ್ನಿರಿ."

"ತಲೆ ಕೆಟ್ಟಿದ್ಯಾ? ಉಸಿರು ಕಟ್ಟಿ ಸಾಯ್ತೀಯ!" ಎಂದಳು ಅಮ್ಮ. ಆದರೂ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿಸಿದಳು. ಆಮೇಲೆ ಮೇಲೆಳೆದಾಗ ಅಪ್ಪನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಏನೋ ಹೊಸ ರುಚಿ ನೋಡಿದವನಂತಿದ್ದ. "ಕೆಳಗೆ ಯಾರೋ ಮಲಗಿದಾರೆ ಕಣೇ. ಉಸಿರಾಡ್ತಿದಾರೆ."

ಹಿಂದಿನ ವರ್ಷವಷ್ಟೇ ಗುಡ್ಡದ ಮೇಲಿನ ಇನ್ನೊಂದು ಬಾವಿಗೆ ದೀಪ ಹಿಡಿದು ಇಳಿದ ಇಬ್ಬರು ಸುಟ್ಟುಹೋಗಿದ್ದರು. ಅಪ್ಪ ನಮ್ಮ ಬಾವಿಗೆ ಓಕ್ ತೊಲೆ ಹಾಸಿ, ಮಣ್ಣು ಮುಚ್ಚಿ, ಸುತ್ತ ಪ್ಲಮ್ ನೆಟ್ಟ. ರೊಟ್ಟಿಯ ಮೇಲೆ ಕೈ ಇಡಿಸಿ ನನ್ನಿಂದ ಆಣೆ ಹಾಕಿಸಿದ: "ಯಾರಿಗೂ ಹೇಳ್ಬೇಡ. ಹೇಳಿದ್ರೆ ಯಾರು ಮಲಗಿದಾರೆ ಅಂತ ನೋಡೋಕೆ ಯಾವನೋ ದಡ್ಡ ದೀಪ ಹಿಡ್ಕೊಂಡು ಇಳೀತಾನೆ."

ಅರವತ್ತೊಂದು ವರ್ಷ ಹೇಳಲಿಲ್ಲ. ಈಗ ನೀನು ಬರೆದಿದ್ದೀಯ, ಎಣ್ಣೆ ಹುಡುಕಲು ನೆಲ ನಡುಗಿಸುವ ಲಾರಿ ಮುಂದಿನ ತಿಂಗಳು ನಮ್ಮ ತೋಟಕ್ಕೇ ಬರುತ್ತದೆ, ಮುಂದಿನ ಸೀಟಿನಲ್ಲಿ ನೀನೇ ಕೂತಿರುತ್ತೀಯ ಎಂದು. ತೊಲೆ ಗಟ್ಟಿಯಿದೆಯೋ ಗೆದ್ದಲು ತಿಂದಿದೆಯೋ ಯಾರು ಕಂಡರು? ಆಣೆ ಮುರಿದೆ. ಮೇಲೆ ಹೋದಾಗ ಅಪ್ಪ ಕೇಳಿದರೆ ಉತ್ತರ ಕೊಡಲು ನನಗೆ ನಾಲಿಗೆಯಿದೆ.

ಬರೆದುಕೋ: ಬೇಲಿಯ ಕಡೆಯಿಂದ ಎಣಿಸಿ ಮೂರನೆಯ ಮರದಿಂದ ಕೊಟ್ಟಿಗೆಯ ಕಡೆಗೆ ಏಳು ಹೆಜ್ಜೆ. ಒಂಬತ್ತು ವರ್ಷದವಳ ಹೆಜ್ಜೆ. ನಡುವಯಸ್ಸಿನಲ್ಲಿ ಐದಾಗಿತ್ತು, ಮಂಡಿ ಹೋದಮೇಲೆ ಮತ್ತೆ ಏಳೇ.

ಇನ್ನೊಂದು. ನಿನ್ನ ಯಂತ್ರ ನೆಲಕ್ಕೆ ಗುದ್ದಿ ಕಿವಿಗೊಟ್ಟು ಕೇಳುತ್ತದಂತಲ್ಲ. ಅಪ್ಪ ಕೇಳಿದ್ದೇನು? ಗ್ಯಾಸು ಎನ್ನಬೇಡ, ಗ್ಯಾಸಿನ ವಾಸನೆಯಲ್ಲೇ ಬೆಳೆದವಳು ನಾನು. ಅದು ಒಂದೇ ಸಮನೆ ಬುಸುಗುಟ್ಟದೆ, ಮಲಗಿದವರ ಹಾಗೆ ಬಿಟ್ಟು ಬಿಟ್ಟು ಏಕೆ ಬರುತ್ತಿತ್ತು? ಲಾರಿಯನ್ನು ಬೇಲಿಯಾಚೆ ನಿಲ್ಲಿಸಿ ಅಲ್ಲಿಂದಲೇ ಕೇಳು. ಬೆಳಕು ಬೇಕಾದರೆ ಹೇಳು, ಕನ್ನಡಿ ಇನ್ನೂ ಒಡೆದಿಲ್ಲ.

ಈ ತಿಂಗಳು ಮುಗಿಯುವುದರೊಳಗೆ ಉತ್ತರ ಬರಬೇಕು. ಬಾವಿ ನಕ್ಷೆಗೆ ಹತ್ತಿತೇ ಎಂದು ಮೊದಲು ಬರೆ, ಮಲಗಿರುವುದು ಯಾರು ಎಂದು ಲಾರಿ ಬಂದು ಕೇಳಿಸಿಕೊಂಡ ಮೇಲೆ ಬರೆ. ನಿನ್ನ ಕಾಲ ಕೆಳಗಿನ ನೆಲ ಗಟ್ಟಿಯಾಗಿರಲಿ, ಮಗಳೇ.

ನಿನ್ನ ಅಜ್ಜಿ,
ಸ್ಮರಾಂಡಾ