ಸೋಮವಾರದವರೆಗೆ ಬಸ್ ಬೇಡ

ಮುಖ್ಯೋಪಾಧ್ಯಾಯಿನಿ ಮೇಡಂ ಅವರಿಗೆ, ಎರಡನೇ ಬಸ್ಸಿನ ಡ್ರೈವರ್ ಮಾಡುವ ನಮಸ್ಕಾರ.

ಮಂಗಳವಾರ ಬೆಳಿಗ್ಗೆ ಮಕ್ಕಳು ತಡವಾಗಿ ಬಂದದ್ದಕ್ಕೆ ಕಾರಣ ಎಂಜಿನ್ ಅಲ್ಲ, ನಾನು. ಹೆಂಡತಿಯ ಆಪರೇಷನ್ ಆದಾಗಿನಿಂದ ಆರು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಕಳೆದಿದ್ದೆ. ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಅಂದು ಸೇತುವೆ ದಾಟಿದ ಮೇಲೆ, ದಾಟಿದ್ದೇ ನೆನಪಿಗೆ ಬರಲಿಲ್ಲ. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಮಕ್ಕಳ ಜೊತೆಗಿದ್ದ ಆಯಾಳ ಕೈಗೆ ಕೀ ಕೊಟ್ಟು, ಬೇರೆ ಡ್ರೈವರನ್ನು ಕರೆಸಲು ಹೇಳಿದೆ.

ವಿಷಯ ತಿಳಿದು ಹೆಂಡತಿ ಹಾಸಿಗೆಯಿಂದಲೇ ಗದರಿದಳು: “ರೀ, ನನ್ನ ಮುಖ ನೋಡ್ತಾ ಕೂತ್ರೆ ಗಾಯ ಬೇಗ ಮಾಗುತ್ತಾ? ನಿಮ್ಮಕ್ಕನ್ನ ಇಲ್ಲಿ ಕೂರಿಸಿ, ಫೋನೂ ಅವ್ರ ಕೈಗೆ ಕೊಟ್ಟು, ಮನೇಗೆ ಹೋಗಿ ಮಲ್ಕೊಳ್ಳಿ.”

ಹಾಗೇ ಮಾಡಿದೆ. ಮೊದಲ ದಿನ ಬರೀ ಹೊರಳಾಡಿದೆ. ಎರಡನೇ ದಿನ ಪಕ್ಕದ ಮನೆಯವರು ಬಾಗಿಲು ಬಡಿದರೂ ಎಚ್ಚರವಾಗಲಿಲ್ಲ. ಈಗ ತಲೆ ಹಗುರಾಗಿದೆ, ಹೆಂಡತಿಯೂ ಎದ್ದು ಓಡಾಡುತ್ತಿದ್ದಾಳೆ. ಆದರೂ ಸೋಮವಾರದವರೆಗೆ ನನಗೆ ಬಸ್ ಕೊಡಬೇಡಿ. ಗೇಟಿನ ಕೆಲಸ ಮಾಡುತ್ತೇನೆ.

ಇನ್ನೊಂದು ಮಾತು. ಅಂದು ಬಸ್ ಹತ್ತುವಾಗ ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳು, “ಅಂಕಲ್, ನಿಮ್ಗೆ ನಿದ್ದೆ ಬರ್ತಿದ್ಯಾ?” ಎಂದು ಕೇಳಿದ್ದಳು. ನಾನು “ಇಲ್ಲ ಪುಟ್ಟಿ” ಎಂದುಬಿಟ್ಟೆ. ಅವಳಿಗೆ ನಿಜ ಹೇಳಬೇಕು. ಒಂದು ನಿಮಿಷ ಅವಳ ಕ್ಲಾಸಿಗೆ ಹೋಗಿಬರಲು ಅಪ್ಪಣೆ ಕೊಡಿ.

ಇಂತಿ ನಿಮ್ಮ ವಿಧೇಯ,
ಎರಡನೇ ಬಸ್ಸಿನ ಡ್ರೈವರ್